ಸೌಲಭ್ಯ ನಿರ್ವಹಣೆಯ ತಂತ್ರಾಂಶ ಕಲಿಯುವ ವಿದ್ಯಾರ್ಥಿ ಎಲ್ಲಿಂದ ಆರಂಭಿಸಬೇಕು

ನಲ್ಲಿಯಲ್ಲಿ ನೀರು ಬರುವುದು, ಲಿಫ್ಟ್ ಓಡುವುದು, ಕೋಣೆಯ ಗಾಳಿ ಹಿತವಾಗಿರುವುದು, ಬೆಂಕಿ ಬಿದ್ದಾಗ ಎಚ್ಚರಿಕೆಯ ಗಂಟೆ ಮೊಳಗುವುದು, ಇವೆಲ್ಲ ತಾವಾಗಿಯೇ ನಡೆಯುವಂತೆ ಕಾಣುತ್ತವೆ. ಹಾಗೆ ಕಾಣುವಂತೆ ಮಾಡುವುದೇ ಸೌಲಭ್ಯ ನಿರ್ವಹಣೆಯ ಕೆಲಸ. ಈ ವಿಷಯವನ್ನು ಓದುತ್ತಿರುವ ವಿದ್ಯಾರ್ಥಿ ತಂತ್ರಾಂಶಗಳನ್ನು ಹುಡುಕಲು ಹೊರಟರೆ ಸಿಎಂಎಂಎಸ್, ಸಿಎಎಫ್‌ಎಂ, ಐಡಬ್ಲ್ಯುಎಂಎಸ್, ಬಿಎಂಎಸ್, ಬಿಐಎಂ ಎಂಬ ಸಂಕ್ಷಿಪ್ತ ಹೆಸರುಗಳ ರಾಶಿಯೇ ಎದುರಾಗುತ್ತದೆ. ಅವುಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ, ಯಾವುದನ್ನೂ ಅಲ್ಲ ಎಂಬುದು. ಮೊದಲು ಒಂದು ಕಟ್ಟಡದ ಉಪಕರಣಗಳ ಪಟ್ಟಿಯನ್ನು, ಅಂದರೆ ಅಸೆಟ್ ರಿಜಿಸ್ಟರನ್ನು, ಸ್ವತಃ ತಯಾರಿಸಿರಿ. ಎಂತಹ ದೊಡ್ಡ ತಂತ್ರಾಂಶವಾದರೂ ಈ ಪಟ್ಟಿ ಸರಿಯಿಲ್ಲದಿದ್ದರೆ ಕೆಲಸಕ್ಕೆ ಬಾರದು.

ಪಟ್ಟಿಯ ತಯಾರಿ

ನಿಮಗೆ ಪ್ರವೇಶವಿರುವ ಒಂದು ಕಟ್ಟಡವನ್ನು ಆರಿಸಿಕೊಂಡು, ಅದರ ಮೇಲ್ವಿಚಾರಕರಿಂದ ಲಿಖಿತ ಅನುಮತಿ ಪಡೆದು, ಅಲ್ಲಿನ ತಂತ್ರಜ್ಞರೊಬ್ಬರ ಜೊತೆಯಲ್ಲಿ ನೆಲಮಾಳಿಗೆಯಿಂದ ತಾರಸಿಯವರೆಗೆ ನಡೆಯಿರಿ. ಇಪ್ಪತ್ತು ಉಪಕರಣಗಳು ಸಾಕು. ಪಂಪ್, ಜನರೇಟರ್, ವಿದ್ಯುತ್ ಫಲಕ, ಹವಾನಿಯಂತ್ರಣ ಯಂತ್ರ, ನೀರಿನ ಟ್ಯಾಂಕ್ ಮುಂತಾದ ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ, ವಿಧ, ಇರುವ ಜಾಗ, ತಯಾರಕರು, ಮಾದರಿ, ಸರಣಿ ಸಂಖ್ಯೆ, ಅಳವಡಿಸಿದ ವರ್ಷ, ಕೊನೆಯ ಸರ್ವೀಸ್ ದಿನಾಂಕ ಇವುಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್‌ನಲ್ಲಿ ಬರೆದುಕೊಳ್ಳಿ. ಇವುಗಳ ಜೊತೆಗೆ ಬಹಳ ಜನ ಮರೆಯುವ ಒಂದು ಕಾಲಂ ಇದೆ: ಈ ಉಪಕರಣ ನಿಂತರೆ ಯಾವ ಯಾವ ಕೋಣೆಗಳಿಗೆ ತೊಂದರೆಯಾಗುತ್ತದೆ ಎಂಬುದು. ಎರಡು ದೂರುಗಳು ಒಟ್ಟಿಗೆ ಬಂದಾಗ ಯಾವುದಕ್ಕೆ ಮೊದಲು ಓಡಬೇಕೆಂಬುದನ್ನು ಹೇಳುವುದು ಈ ಕಾಲಂ ಮಾತ್ರ.

ಗುರುತಿನ ಸಂಖ್ಯೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಮಹಡಿ ಮತ್ತು ಕೋಣೆಯ ಸಂಖ್ಯೆಯನ್ನು ಗುರುತಿನೊಳಗೇ ಸೇರಿಸುವುದು ಮೊದಲ ನೋಟಕ್ಕೆ ಜಾಣತನವೆನಿಸುತ್ತದೆ. ಆದರೆ ಎರಡನೆಯ ಮಹಡಿಯ ಮೋಟಾರನ್ನು ನಾಳೆ ನಾಲ್ಕನೆಯ ಮಹಡಿಗೆ ಸಾಗಿಸಿದರೆ, ಅದರ ಹೆಸರೇ ಸುಳ್ಳು ಹೇಳತೊಡಗುತ್ತದೆ. ಹೆಸರನ್ನು ಬದಲಿಸಿದರೆ ಹಳೆಯ ದುರಸ್ತಿಗಳ ಇತಿಹಾಸ ಕಳಚಿಹೋಗುತ್ತದೆ. ಆದ್ದರಿಂದ ಸಂಖ್ಯೆ ಎಂದೆಂದಿಗೂ ಬದಲಾಗದಂತಿರಲಿ, ಜಾಗಕ್ಕೆ ಬೇರೆ ಕಾಲಂ ಇರಲಿ. ದಿನಾಂಕವನ್ನು ಎಲ್ಲೆಡೆ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಬರೆಯಿರಿ. ಒಂದೇ ವಸ್ತುವನ್ನು ಒಮ್ಮೆ ‘ಪಂಪ್’ ಎಂದೂ ಇನ್ನೊಮ್ಮೆ ‘ನೀರಿನ ಮೋಟಾರ್’ ಎಂದೂ ಬರೆಯದಂತೆ, ವಿಧಗಳನ್ನು ಆಯ್ಕೆಪಟ್ಟಿಯಿಂದಲೇ ತುಂಬುವ ವ್ಯವಸ್ಥೆ ಮಾಡಿಕೊಳ್ಳಿ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಉಪಕರಣಕ್ಕೂ ಕ್ಯೂಆರ್ ಕೋಡ್ ಅಂಟಿಸಬಹುದು. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆ ವಾಹನದ ಬಿಡಿಭಾಗಗಳ ಲೆಕ್ಕಕ್ಕಾಗಿ ರೂಪಿಸಿದ ಈ ಕೋಡ್, ಅತಿ ಹೆಚ್ಚಿನ ದೋಷ ಸರಿಪಡಿಸುವ ಮಟ್ಟದಲ್ಲಿ ಮುದ್ರಿಸಿದರೆ ಸುಮಾರು 30 ಪ್ರತಿಶತದಷ್ಟು ಹಾಳಾದರೂ ಓದಲು ಸಿಗುತ್ತದೆ. ಎಣ್ಣೆ, ಧೂಳು ಮೆತ್ತಿಕೊಳ್ಳುವ ಯಂತ್ರಗಳ ಕೋಣೆಗೆ ಈ ಗುಣ ಬಹಳ ಮುಖ್ಯ. ಆದರೆ ಬಿಚ್ಚಿ ತೆಗೆಯುವ ಮುಚ್ಚಳದ ಮೇಲೆ ಅಂಟಿಸಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ.

ದುರಸ್ತಿಯ ಲೆಕ್ಕ ಇಡುವ ತಂತ್ರಾಂಶ

ಈಗ ಸಿಎಂಎಂಎಸ್, ಅಂದರೆ ಗಣಕೀಕೃತ ನಿರ್ವಹಣಾ ವ್ಯವಸ್ಥೆಯ ಸರದಿ. ಇದರ ಜೀವಾಳ ವರ್ಕ್ ಆರ್ಡರ್. ದೂರು ಬರುವುದು, ಅದನ್ನು ಒಬ್ಬರಿಗೆ ಒಪ್ಪಿಸುವುದು, ಕೆಲಸ ನಡೆಯುವುದು, ಮುಗಿದುದನ್ನು ದಾಖಲಿಸುವುದು ಎಂಬ ಹಂತಗಳು ಅದರಲ್ಲಿ ಉಳಿಯುತ್ತವೆ. ಸಿಎಎಫ್‌ಎಂ ಇದಕ್ಕೆ ಜಾಗದ ಬಳಕೆ ಮತ್ತು ನಕ್ಷೆಗಳನ್ನು ಸೇರಿಸುತ್ತದೆ. ಐಡಬ್ಲ್ಯುಎಂಎಸ್ ಗುತ್ತಿಗೆ, ಬಾಡಿಗೆ, ಬಂಡವಾಳ ಯೋಜನೆಗಳನ್ನೂ ಒಳಗೊಳ್ಳುತ್ತದೆ. ಐಬಿಎಂನ ಮ್ಯಾಕ್ಸಿಮೊ, ಪ್ಲ್ಯಾನಾನ್, ಆರ್ಕಿಬಸ್ ಮುಂತಾದವು ದೊಡ್ಡ ಸಂಸ್ಥೆಗಳು ಬಳಸುವ ವಾಣಿಜ್ಯ ತಂತ್ರಾಂಶಗಳು. ಕಲಿಕೆಗೆ ಓಪನ್‌ಮೇಂಟ್ ಅಥವಾ ಅಟ್ಲಾಸ್ ಸಿಎಂಎಂಎಸ್‌ನಂತಹ ಮುಕ್ತ ತಂತ್ರಾಂಶವೇ ಸೂಕ್ತ, ಏಕೆಂದರೆ ಅದರ ದತ್ತಾಂಶ ಕೋಶವನ್ನು ತೆರೆದು ಒಳಗಿನ ರಚನೆಯನ್ನೂ ನೋಡಬಹುದು.

ನಿಮ್ಮ ಇಪ್ಪತ್ತು ಉಪಕರಣಗಳನ್ನು ಅದರೊಳಗೆ ಸೇರಿಸಿ, ಐದಕ್ಕೆ ಮುಂಜಾಗ್ರತಾ ನಿರ್ವಹಣೆಯ ವೇಳಾಪಟ್ಟಿ ಹಾಕಿ, ಆರು ವಾರ ನಡೆಸಿರಿ. ವೇಳಾಪಟ್ಟಿಯಲ್ಲಿ ಎರಡು ಬಗೆಯಿರುವುದನ್ನು ಇಲ್ಲಿ ಕಲಿಯುತ್ತೀರಿ. ಗಾಳಿ ಶೋಧಕದ ತಪಾಸಣೆಯನ್ನು ಕ್ಯಾಲೆಂಡರಿನ ಪ್ರಕಾರ ಇಡಬಹುದು, ಆದರೆ ಜನರೇಟರಿನ ಎಣ್ಣೆ ಬದಲಾವಣೆಗೆ ಅದು ಓಡಿದ ಗಂಟೆಗಳ ಲೆಕ್ಕವೂ ಬೇಕು. ಪ್ರತಿ ವರ್ಕ್ ಆರ್ಡರಿನಲ್ಲಿ ದೂರು ಬಂದ ಸಮಯ, ಕೆಲಸ ಆರಂಭಿಸಿದ ಸಮಯ, ಮುಗಿದ ಸಮಯ ಎಂಬ ಮೂರನ್ನೂ ಬೇರೆಬೇರೆಯಾಗಿ ದಾಖಲಿಸಿದರೆ, ವಿಳಂಬವಾದದ್ದು ಜನರ ಕೊರತೆಯಿಂದಲೋ ದುರಸ್ತಿಯ ಕಷ್ಟದಿಂದಲೋ ಎಂಬುದು ತಿಳಿಯುತ್ತದೆ. ಲೆಕ್ಕ ಸರಳ. ಒಂದು ಪಂಪ್ ಎರಡು ಕೆಡುಕುಗಳ ನಡುವೆ ಸರಾಸರಿ 490 ಗಂಟೆ ಓಡಿ, ಪ್ರತಿ ಬಾರಿ ಸರಾಸರಿ 10 ಗಂಟೆ ನಿಂತಿದ್ದರೆ, ಅದರ ಲಭ್ಯತೆ 490ನ್ನು 500ರಿಂದ ಭಾಗಿಸಿದಾಗ ಬರುವ 98 ಪ್ರತಿಶತ.

ತಂತ್ರಾಂಶವನ್ನು ಅಳೆಯುವಾಗ ಅದರ ಸೌಲಭ್ಯಗಳ ಉದ್ದನೆಯ ಪಟ್ಟಿಗೆ ಮರುಳಾಗಬೇಡಿ. ಕೈಯಲ್ಲಿ ಗ್ರೀಸ್ ಹತ್ತಿದ ತಂತ್ರಜ್ಞರು, ನೆಟ್‌ವರ್ಕ್ ಸಿಗದ ನೆಲಮಾಳಿಗೆಯಲ್ಲಿ ನಿಂತು, ತಮ್ಮ ಭಾಷೆಯಲ್ಲಿ, ಒಂದು ನಿಮಿಷದೊಳಗೆ ವರ್ಕ್ ಆರ್ಡರನ್ನು ಮುಗಿಸಬಲ್ಲರೇ ಎಂಬುದನ್ನು ನೋಡಿರಿ. ಅದು ಸಾಧ್ಯವಾಗದಿದ್ದರೆ ದಿನದ ಕೊನೆಗೆ ನೆನಪಿನಿಂದ ತುಂಬಿದ ಸಮಯಗಳೇ ದಾಖಲೆಯಾಗುತ್ತವೆ, ಮೇಲಿನ ಲೆಕ್ಕಗಳೆಲ್ಲ ಪೊಳ್ಳಾಗುತ್ತವೆ.

ಕಟ್ಟಡದ ಯಂತ್ರಗಳ ಜೊತೆ ಸಂವಾದ

ಬಿಎಂಎಸ್ ಎಂದರೆ ತಾಪಮಾನ, ಒತ್ತಡ, ಗಾಳಿಯ ಹರಿವು ಮುಂತಾದವನ್ನು ಸೆನ್ಸರ್‌ಗಳಿಂದ ಓದಿ ಯಂತ್ರಗಳನ್ನು ನಿಯಂತ್ರಿಸುವ ವ್ಯವಸ್ಥೆ. ಇದರ ಹಿಂದಿರುವ ಎರಡು ಸಂವಹನ ಭಾಷೆಗಳು ನಿಮಗೆ ಪರಿಚಯವಿರಬೇಕು. ಮಾಡ್‌ಬಸ್ 1979ರಲ್ಲಿ ಬಂದದ್ದು. ಬ್ಯಾಕ್‌ನೆಟ್‌ನ ಕೆಲಸವನ್ನು ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಘವಾದ ಆಶ್ರೇ 1987ರಲ್ಲಿ ಆರಂಭಿಸಿ 1995ರಲ್ಲಿ ಮಾನದಂಡವಾಗಿ ಪ್ರಕಟಿಸಿತು. ಹಳೆಯ ಮಾಡ್‌ಬಸ್‌ನಲ್ಲಿ ಗುಪ್ತಪದವಾಗಲಿ ಗೂಢಲಿಪಿಯಾಗಲಿ ಇಲ್ಲ. ಜಾಲದೊಳಗೆ ಬಂದ ಯಾರೇ ಆದರೂ ಆಜ್ಞೆ ನೀಡಬಹುದು. ಆದ್ದರಿಂದ ಅಭ್ಯಾಸವನ್ನು ಸದಾ ನಿಮ್ಮ ಕಂಪ್ಯೂಟರಿನಲ್ಲಿ, ಸಿಮ್ಯುಲೇಟರ್ ಬಳಸಿ ಮಾಡಿರಿ. ಬಳಕೆಯಲ್ಲಿರುವ ಕಟ್ಟಡದ ಜಾಲಕ್ಕೆ ಕೈಹಾಕಬೇಡಿ, ಅಲ್ಲಿಂದ ಹೊರತೆಗೆದ ಹಳೆಯ ದಾಖಲೆಗಳ ಫೈಲನ್ನು ಮಾತ್ರ ಕೇಳಿ ಪಡೆಯಿರಿ. ಆ ಫೈಲಿನಿಂದ ಒಂದು ವಾರದ ರೇಖಾನಕ್ಷೆ ಎಳೆದರೂ ಸಾಕು, ಒಂದೇ ಕೋಣೆಯನ್ನು ಏಕಕಾಲಕ್ಕೆ ಬಿಸಿ ಮಾಡುತ್ತಾ ತಂಪೂ ಮಾಡುತ್ತಿರುವಂತಹ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ಸ್ವಂತ ಪ್ರಯೋಗಕ್ಕೆ ತರಗತಿಯ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅಳೆಯುವುದು ಒಳ್ಳೆಯದು. ಅತಿಗೆಂಪು ಕಿರಣದ ತತ್ತ್ವದ ಮೇಲೆ ಕೆಲಸ ಮಾಡುವ ಸೆನ್ಸರ್‌ನ ಓದುಗಳನ್ನು ಎಂಕ್ಯೂಟಿಟಿ ಎಂಬ ಹಗುರ ಸಂವಹನ ಭಾಷೆಯ ಮೂಲಕ ಕಳುಹಿಸಿ, ನೋಡ್-ರೆಡ್ ಎಂಬ ತಂತ್ರಾಂಶದಲ್ಲಿ ಸ್ವೀಕರಿಸಿ, ಗ್ರಫಾನಾ ಎಂಬ ಇನ್ನೊಂದು ತಂತ್ರಾಂಶದಲ್ಲಿ ರೇಖಾನಕ್ಷೆಯಾಗಿ ನೋಡಬಹುದು. ಮೂರೂ ಉಚಿತವಾಗಿ ದೊರೆಯುತ್ತವೆ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ, ಇರುತ್ತದೆ. ಜನ ತುಂಬಿದ ಕೋಣೆಯಲ್ಲಿ 1000 ದಾಟಿದರೆ ಗಾಳಿಯ ಸಂಚಾರ ಸಾಲದೆಂಬುದಕ್ಕೆ ಅದನ್ನು ಸೂಚನೆಯಾಗಿ ಬಳಸುವ ರೂಢಿಯಿದೆ. ಆದರೆ ಇಂತಹ ಅನೇಕ ಸೆನ್ಸರ್‌ಗಳು ತಾವು ಆಗಾಗ ಹೊರಗಿನ ಶುದ್ಧ ಗಾಳಿಯನ್ನು ಕಾಣುತ್ತೇವೆಂದು ಭಾವಿಸಿ ತಮ್ಮ ಆಧಾರಮಟ್ಟವನ್ನು ತಾವೇ ತಿದ್ದಿಕೊಳ್ಳುತ್ತವೆ. ಹಗಲಿರುಳೂ ಜನರಿರುವ ಕೋಣೆಯಲ್ಲಿ ಈ ಭಾವನೆ ತಪ್ಪಾಗುವುದರಿಂದ ಓದುಗಳು ನಿಜಕ್ಕಿಂತ ಕಡಿಮೆ ಬರುತ್ತವೆ. ಆಗಾಗ ಸೆನ್ಸರನ್ನು ಹೊರಗಿಟ್ಟು ಪರೀಕ್ಷಿಸಿರಿ.

ಬಿಐಎಂ ಮತ್ತು ವಿದ್ಯುತ್ ಲೆಕ್ಕ

ಬಿಐಎಂ, ಅಂದರೆ ಮಾಹಿತಿ ತುಂಬಿದ ಮೂರು ಆಯಾಮದ ಕಟ್ಟಡ ಮಾದರಿಗಳು, ಆಕರ್ಷಕವಾಗಿದ್ದರೂ ನಿರ್ವಹಣೆಗೆ ಬೇಕಾದದ್ದು ಅವುಗಳ ಒಳಗಿರುವ ಮಾಹಿತಿ. ಇಂತಹ ಮಾದರಿಗಳ ಮುಕ್ತ ಮಾನದಂಡವಾದ ಐಎಫ್‌ಸಿ ಫೈಲನ್ನು ಬೊನ್ಸಾಯ್ ಅಥವಾ ಫ್ರೀಕ್ಯಾಡ್ ಎಂಬ ಮುಕ್ತ ತಂತ್ರಾಂಶದಲ್ಲಿ ತೆರೆದು ನೋಡಿರಿ. ನಿರ್ಮಾಣ ಮುಗಿದಾಗ ಉಪಕರಣಗಳ ವಿವರವನ್ನು ಹಸ್ತಾಂತರಿಸಲು ರೂಪುಗೊಂಡ ಕೋಬಿ ಎಂಬ ವಿಧಾನವನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ನೋಡಿದರೆ, ನೀವು ಕೈಯಾರೆ ಮಾಡಿದ ಪಟ್ಟಿಗೆ ಅದು ಎಷ್ಟು ಹತ್ತಿರವಿದೆಯೆಂದು ಗೊತ್ತಾಗುತ್ತದೆ. ವಿದ್ಯುತ್ತಿನ ವಿಷಯದಲ್ಲಿ ವರ್ಷದ ಬಳಕೆಯನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸುವ ಅಳತೆಯಿಂದ ಆರಂಭಿಸಿರಿ: 1,000 ಚದರ ಮೀಟರಿನ ಕಟ್ಟಡ 1,20,000 ಯೂನಿಟ್ ಬಳಸಿದರೆ ಚದರ ಮೀಟರಿಗೆ 120 ಯೂನಿಟ್. ಇದಾದ ಬಳಿಕ ಸೌಲಭ್ಯ ನಿರ್ವಹಣೆಯ ಮಾನದಂಡವಾದ, 2018ರಲ್ಲಿ ಪ್ರಕಟವಾದ ಐಎಸ್‌ಒ 41001ನ್ನು ಓದಿದರೆ ಅದರ ವಾಕ್ಯಗಳು ಒಣ ನಿಯಮಗಳಾಗಿ ಕಾಣುವುದಿಲ್ಲ.

ಆರು ವಾರದ ನಂತರ ನಿಮ್ಮ ಪಟ್ಟಿ, ವರ್ಕ್ ಆರ್ಡರ್‌ಗಳು ಮತ್ತು ಒಂದು ರೇಖಾನಕ್ಷೆಯನ್ನು ಆ ಕಟ್ಟಡದ ತಂತ್ರಜ್ಞರ ಕೈಗೆ ಕೊಟ್ಟು, ಒಂದು ವಾರ ಅವರೇ ಬಳಸುವುದನ್ನು ಪಕ್ಕದಲ್ಲಿದ್ದು ಗಮನಿಸಿರಿ. ಅವರು ಮತ್ತೆ ಮತ್ತೆ ಖಾಲಿ ಬಿಡುವ ಕಾಲಂ ಯಾವುದೆಂದು ಗುರುತಿಸಿ, ಏಕೆಂದು ಅವರನ್ನೇ ಕೇಳಿ, ಅದನ್ನು ತೆಗೆದುಹಾಕಿರಿ ಇಲ್ಲವೇ ತುಂಬಲು ಸುಲಭವಾಗುವಂತೆ ತಿದ್ದಿರಿ.