ಲಿವಿಂಗ್ ವಿಲ್ ಬರೆಯುವುದು ಹೇಗೆ? ಮೊದಲು ಮನೆಯಲ್ಲಿ ಮಾತಾಡಿ

ನಮ್ಮ ದೊಡ್ಡಪ್ಪ ದಿನಾ ಸಂಜೆ ದೇವರ ಮುಂದೆ ನಿಂತು ‘ಅನಾಯಾಸೇನ ಮರಣಂ’ ಎಂದು ಹೇಳಿಕೊಳ್ಳುತ್ತಿದ್ದರು. ನರಳದೆ ಹೋಗಬೇಕು, ಅಷ್ಟೇ ಅವರ ಆಸೆ. ಆದರೆ ಅವರು ಹೋಗಿದ್ದು 19 ದಿನ ಐಸಿಯುನಲ್ಲಿ ಮಲಗಿ. ಬಾಯಲ್ಲಿ ವೆಂಟಿಲೇಟರ್ ಪೈಪು, ಮೂಗಲ್ಲಿ ಇನ್ನೊಂದು ಪೈಪು, ಕಿತ್ತುಕೊಳ್ಳಬಾರದು ಅಂತ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಡಾಕ್ಟರ್ ಹೊರಗೆ ಬಂದು “ವಾಸಿಯಾಗುವ ಲಕ್ಷಣ ಇಲ್ಲ, ಏನು ಮಾಡೋಣ ಹೇಳಿ” ಎಂದಾಗ ಅಣ್ಣ ಒಂದು ಹೇಳಿದ, ಅಕ್ಕ ಇನ್ನೊಂದು ಹೇಳಿದಳು. ದೊಡ್ಡಮ್ಮ ಸುಮ್ನೆ ಕೂತಿದ್ದರು. ಅಣ್ಣ ಅಕ್ಕ ಇವತ್ತಿಗೂ ಒಬ್ಬರಿಗೊಬ್ಬರು ಸರಿಯಾಗಿ ಮಾತಾಡುವುದಿಲ್ಲ.

ಅದಾದ ಮೇಲೆ ನಾನೂ ಅಮ್ಮನೂ ಲಿವಿಂಗ್ ವಿಲ್ ಮಾಡಿಸಿದೆವು. ಹೇಗೆ ಅಂತ ಬಹಳ ಜನ ಕೇಳುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ನಮ್ಮ ದೇಶದಲ್ಲಿ ಅದು ಅಪರಾಧ. ವಾಸಿಯಾಗುವ ಭರವಸೆ ಇಲ್ಲದಾಗ, ಯಂತ್ರದಿಂದ ಉಸಿರು ಎಳೆಸುವುದು ಬೇಡ, ಸಾವು ಬಂದಂತೆ ಬರಲಿ ಎಂದು ಮೊದಲೇ ಬರೆದಿಡುವುದು. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್ ಹೆಸರು ಕೇಳಿರುತ್ತೀರಿ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅವರ ಮೇಲೆ ದಾಳಿ ನಡೆಯಿತು. ಆಮೇಲೆ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದು 2015ರಲ್ಲಿ ತೀರಿಕೊಂಡರು. ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಬಾರಿ ಇದಕ್ಕೊಂದು ದಾರಿ ತೋರಿಸಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಹಕ್ಕೇ ಎಂದು ಹೇಳಿ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಹಾಗಾಗಿ ಜನ ಆ ಕಡೆ ಹೋಗಲೇ ಇಲ್ಲ. 2023ರ ಜನವರಿಯಲ್ಲಿ ನಿಯಮ ಸುಲಭ ಮಾಡಿದರು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿತು.

ಈಗ ಮಾಡಬೇಕಾದ ಕೆಲಸ. ಕಾಗದಕ್ಕಿಂತ ಮೊದಲು ಮಾತು, ಇದು ನನ್ನ ಗಟ್ಟಿ ಅಭಿಪ್ರಾಯ. ನಾನು ಶುರು ಮಾಡಿದಾಗ ಅಮ್ಮ “ಬಿಡ್ತು ಅನ್ನು” ಎಂದು ಎದ್ದು ಒಳಗೆ ಹೋದರು. ಹಟ ಮಾಡಲಿಲ್ಲ. ಒಂದು ವಾರ ಬಿಟ್ಟು “ನನಗೆ ಹಾಗಾದರೆ ಏನು ಮಾಡಬೇಕು ಅಂತ ನಿಮಗೆ ಹೇಳಿಡುತ್ತೇನೆ, ಕೇಳಿಸಿಕೊಳ್ಳಿ” ಎಂದೆ. ನನ್ನದು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ತಮ್ಮದು ಶುರು ಮಾಡಿದ್ದರು. ಹಿರಿಯರ ಹತ್ತಿರ ಹೀಗೆ ನಿಮ್ಮಿಂದಲೇ ಶುರು ಮಾಡಿ. ಅವರ ಸಾವಿನ ಬಗ್ಗೆ ನೇರ ಕೇಳಿದರೆ ಇವರಿಗೆ ನಾನು ಭಾರವಾದೆ ಅಂತ ಅನ್ನಿಸಿಬಿಡುತ್ತದೆ, ಆ ನೋವು ಕೊಡಬಾರದು. ಮಕ್ಕಳೆಲ್ಲ ಒಟ್ಟಿಗೆ ಇರುವ ದಿನ ಮಾತಾಡಿದರೆ ಇನ್ನೂ ಒಳ್ಳೆಯದು.

18 ತುಂಬಿ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಯಾರ ಒತ್ತಾಯವೂ ಇರಬಾರದು. ನಿಗದಿತ ಫಾರ್ಮ್ ಅಂತ ಇಲ್ಲ, ಕನ್ನಡದಲ್ಲೇ ಬರೆಯಿರಿ. ಆದರೆ ‘ನನಗೆ ತೊಂದರೆ ಕೊಡಬೇಡಿ’ ಅಂತ ಅಸ್ಪಷ್ಟವಾಗಿ ಬರೆದರೆ ಅದು ಕೆಲಸಕ್ಕೆ ಬಾರದು. ನಾನು ಬರೆದಿದ್ದು ಹೀಗೆ: ‘ನನ್ನ ಮಾತು ನಾನೇ ಹೇಳಲಾಗದ ಸ್ಥಿತಿ ಬಂದು, ವಾಸಿಯಾಗುವ ಭರವಸೆ ಇಲ್ಲ ಎಂದು ವೈದ್ಯರು ತೀರ್ಮಾನಿಸಿದರೆ, ವೆಂಟಿಲೇಟರ್ ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ಡಯಾಲಿಸಿಸ್ ಬೇಡ. ಎದೆ ಒತ್ತಿ ಹೃದಯ ಮತ್ತೆ ನಡೆಸುವುದು ಬೇಡ. ನೋವು ಮತ್ತು ಉಸಿರಾಟದ ಸಂಕಟ ಕಡಿಮೆ ಮಾಡುವ ಔಷಧಿ ಕೊನೆಯವರೆಗೂ ಬೇಕು.’ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಯಂತ್ರ ಬೇಡ ಅಂದರೆ ಆರೈಕೆಯೇ ಬೇಡ ಅಂತಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಲ್ಲಿನವರ ಕೆಲಸವೇ ನೋವು ಇಳಿಸುವುದು.

ಇದರ ಪರಿಣಾಮ ಏನು ಅಂತ ನನಗೆ ಗೊತ್ತಿದೆ, ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಅಂತಲೂ ಗೊತ್ತಿದೆ ಎಂದು ಒಂದೊಂದು ಸಾಲು ಸೇರಿಸಿ. ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಜಾಸ್ತಿ ಬರೆಯಬಹುದು. ಇಲ್ಲಿ ಜಾಸ್ತಿ ಪ್ರೀತಿ ಇರುವವರನ್ನಲ್ಲ, ಎಲ್ಲರೂ ಅಳುತ್ತಿರುವಾಗಲೂ ನಿಮ್ಮ ಮಾತನ್ನು ಡಾಕ್ಟರಿಗೆ ಹೇಳಬಲ್ಲವರನ್ನು ಆರಿಸಿ. ಅಮ್ಮ ನನ್ನನ್ನು ಬಿಟ್ಟು ತಂಗಿಯನ್ನು ಆರಿಸಿದರು, ಸರಿಯಾಗಿಯೇ ಆರಿಸಿದರು.

ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ. ಆಸ್ತಿಯಲ್ಲಿ ಪಾಲಿರುವ ನೆಂಟರು ಬೇಡ, ಹೊರಗಿನವರಾದರೆ ಒಳ್ಳೆಯದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ಒಂದು ಪ್ರತಿ ಕಾಗದದಲ್ಲಿ ನೀವು ಹೆಸರಿಸಿದವರಿಗೆ, ಒಂದು ಮನೆ ಡಾಕ್ಟರಿಗೆ, ಒಂದು ಪಂಚಾಯಿತಿ ಅಥವಾ ನಗರಸಭೆಗೆ. ನಾವು ಹೋದಾಗ ಅಲ್ಲಿದ್ದವರಿಗೆ ಇದೇನು ಅಂತಲೇ ಗೊತ್ತಿರಲಿಲ್ಲ. ಸುತ್ತೋಲೆಯ ಪ್ರತಿ ಇಟ್ಟುಕೊಂಡು ಹೋಗಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ.

ಆಸ್ಪತ್ರೆಯಲ್ಲಿ ಕಾಗದ ತೋರಿಸಿದ ತಕ್ಷಣ ಪೈಪು ತೆಗೆಯುವುದಿಲ್ಲ. ಪ್ರಜ್ಞೆ ಇದ್ದು ನೀವೇ ಮಾತಾಡುವಂತಿದ್ದರೆ ಕಾಗದಕ್ಕೆ ಕೆಲಸವೇ ಇಲ್ಲ, ನಿಮ್ಮ ಮಾತೇ ಮಾತು. ಇಲ್ಲದಿದ್ದರೆ ನೋಡಿಕೊಳ್ಳುವ ವೈದ್ಯರು ಮತ್ತು ಕನಿಷ್ಠ ಇಬ್ಬರು ತಜ್ಞರ ಮಂಡಳಿ ಪರೀಕ್ಷೆ ಮಾಡುತ್ತದೆ. ಆಮೇಲೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುತ್ತಾರೆ. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಕಾಗದದಲ್ಲಿ ನೀವು ಹೆಸರಿಸಿದವರ ಒಪ್ಪಿಗೆಯೂ ಬೇಕು, ಆಸ್ಪತ್ರೆಯವರು ಮ್ಯಾಜಿಸ್ಟ್ರೇಟರಿಗೆ ತಿಳಿಸಿಯೇ ಮುಂದಿನ ಹೆಜ್ಜೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಲಿವಿಂಗ್ ವಿಲ್ ಇಲ್ಲದವರಿಗೂ ಮನೆಯವರು ಕೇಳಿದರೆ ಇದೇ ದಾರಿ, ಆದರೆ ಆಗ ತೀರ್ಮಾನದ ಭಾರ ಪೂರ್ತಿ ಅವರ ತಲೆ ಮೇಲೆ.

ಓದುತ್ತಿರುವ ಯಾರಿಗಾದರೂ ಬದುಕೇ ಸಾಕು ಅನ್ನಿಸುತ್ತಿದ್ದರೆ, ಈ ಕಾಗದ ಅದಕ್ಕಲ್ಲ. ಸಾಲ, ಒಂಟಿತನ, ಕಾಯಿಲೆಯ ಬೇಸರ, ಏನೇ ಇರಲಿ, ಈಗಲೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಮ್ಮನ ಕಾಗದ ರೇಷನ್ ಕಾರ್ಡಿನ ಕವರಿನಲ್ಲಿದೆ, ಎಲ್ಲಿದೆ ಅಂತ ನಮಗೆಲ್ಲ ಗೊತ್ತು. ಪ್ರತಿ ಯುಗಾದಿಗೆ ತೆಗೆದು ಒಮ್ಮೆ ಓದುತ್ತೇವೆ, ಮನಸ್ಸು ಬದಲಾದರೆ ಹೊಸದಾಗಿ ಬರೆಯಬಹುದು, ಕೊನೆಗೆ ಸಹಿ ಮಾಡಿದ್ದೇ ಲೆಕ್ಕಕ್ಕೆ. ಸಹಿ ಮಾಡುವ ದಿನ ಅಮ್ಮ ಕೊನೆಯಲ್ಲಿ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: ‘ಆಗುವ ಹಾಗಿದ್ದರೆ ಮನೆಗೆ ಕರೆದುಕೊಂಡು ಬನ್ನಿ, ಬಾಯಿಗೆ ನೀರು ನೀವೇ ಬಿಡಿ.’