ಅರ್ಧ ಹೊಟ್ಟೆ ತುಂಬಿಸಿ ಹೊರಡುವುದು

ನಮ್ಮ ಮನೆಯಲ್ಲಿ ಗಾಡಿ ಓಡಿಸುವುದು ಹೆಂಡತಿ, ಮಗುವಿಗೆ ಉಣಿಸುವುದು ನಾನು. ಹಾಗಾಗಿ ಮೊದಲ ದೂರದ ಪ್ರಯಾಣದ ರಾತ್ರಿ ಆದ ರಂಪಕ್ಕೆ ಪೂರ್ತಿ ಹೊಣೆ ನನ್ನದೇ. ಮಗಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಸಂಜೆಯಿಡೀ ಕಾರಿನಲ್ಲಿ ಮಲಗಿದ್ದಳು. ನಿದ್ದೆ ಮಾಡುವ ಮಗುವನ್ನು ಎಬ್ಬಿಸಿ ಯಾಕೆ ತಿನ್ನಿಸಬೇಕು, ಎಂಟಕ್ಕೆ ಹೋಟೆಲ್ ಸೇರುತ್ತೇವಲ್ಲ, ಅಲ್ಲೇ ಬಿಸಿಬಿಸಿಯಾಗಿ ಉಣಿಸಿದರಾಯಿತು ಅಂದುಕೊಂಡೆ. ಸೇರಿದ್ದು ಎಂಟೂವರೆಗೆ. ಮೇಜು ಸಿಕ್ಕಿದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಆರ್ಡರ್ ಕೊಟ್ಟು ಕಾದೆವು, ಕಾದೆವು. ಅಷ್ಟರಲ್ಲಿ ಮಗಳು ಚಮಚ ಎಸೆದಳು, ನೀರಿನ ಲೋಟ ಉರುಳಿಸಿದಳು, ಕೊನೆಗೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚತೊಡಗಿದಳು. ಊಟ ಬಂದಾಗ ತಟ್ಟೆಯನ್ನೇ ತಳ್ಳಿಬಿಟ್ಟಳು. ಅಷ್ಟು ಹಸಿದ ಮಗು ತಿನ್ನುವುದಿಲ್ಲ ಎಂಬುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಹಸಿವು ಒಂದು ಮಿತಿ ದಾಟಿದರೆ ಅದು ಹಸಿವಾಗಿ ಉಳಿಯುವುದಿಲ್ಲ, ಬರೀ ಸಿಟ್ಟಾಗುತ್ತದೆ. ಅಳುತ್ತಲೇ ಮಲಗಿದವಳು ರಾತ್ರಿ ಎರಡಕ್ಕೆ ಎದ್ದು ಊಟ ಕೇಳಿದಳು. ಚೀಲದಲ್ಲಿದ್ದದ್ದು ಒಂದು ಬಾಳೆಹಣ್ಣು.

ಆಮೇಲಿನ ಮೂರು ವರ್ಷದಲ್ಲಿ ಕಾರು, ರೈಲು, ಬಸ್ಸು, ವಿಮಾನ ಎಲ್ಲ ಆಗಿದೆ. ಈಗ ಮಗನೂ ಇದ್ದಾನೆ, ಒಂದೂವರೆ ವರ್ಷದವನು. ಕಲಿತ ಮುಖ್ಯ ಪಾಠ ಒಂದೇ: ಪೂರ್ತಿ ಹಸಿದ ಮಗುವನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದಿಲ್ಲ. ಒಳಗೆ ಹೋಗುವ ಅರ್ಧ ಗಂಟೆ ಮುಂಚೆ ಅರ್ಧ ಹೊಟ್ಟೆ ತುಂಬಿಸುತ್ತೇನೆ. ಪೂರ್ತಿ ತುಂಬಿಸಿದರೆ ಮೇಜಿನ ಮುಂದೆ ಮಾಡಲು ಏನೂ ಕೆಲಸವಿಲ್ಲದೆ ಕುರ್ಚಿಯಿಂದ ಇಳಿಯುವ ಹಠ ಶುರುವಾಗುತ್ತದೆ. ಅರ್ಧವಾದರೆ ಕಾಯುವ ತಾಳ್ಮೆಯೂ ಇರುತ್ತದೆ, ಬಂದದ್ದನ್ನು ರುಚಿ ನೋಡುವ ಆಸೆಯೂ ಇರುತ್ತದೆ. ಹೋಟೆಲಿನ ಊಟ ಮಗುವಿನ ಪಾಲಿಗೆ ಊಟವಲ್ಲ, ಆಟದ ಜೊತೆಗೆ ಸಿಗುವ ನಾಲ್ಕು ತುತ್ತು ಅಂತ ಮೊದಲೇ ಲೆಕ್ಕ ಹಾಕಿಕೊಂಡಿರುತ್ತೇನೆ.

ಮನೆಯಲ್ಲಿ ನಮ್ಮ ಮಕ್ಕಳು ಎರಡೂವರೆ–ಮೂರು ಗಂಟೆಗೊಮ್ಮೆ ತಿನ್ನುತ್ತಾರೆ. ಪ್ರಯಾಣದಲ್ಲೂ ಆ ಗಡಿಯಾರ ಬದಲಾಗುವುದಿಲ್ಲ, ನಾವು ಅದನ್ನು ಮರೆಯುತ್ತೇವೆ ಅಷ್ಟೆ. ಈಗ ಹೊರಡುವ ಮುಂಚೆಯೇ ಯಾವ ಹೊತ್ತಿಗೆ ಎಲ್ಲಿ ನಿಲ್ಲಿಸಬೇಕು ಎಂದು ಊಟದ ಲೆಕ್ಕದಲ್ಲೇ ನಿರ್ಧರಿಸುತ್ತೇವೆ. ಪೆಟ್ರೋಲ್ ಆಮೇಲೆ.

ಎಷ್ಟು ತಿನ್ನಬೇಕು ಎಂಬ ಚಿಂತೆ ನನ್ನನ್ನು ಬಹಳ ಕಾಡಿತ್ತು. ಮಕ್ಕಳ ಡಾಕ್ಟರ್ ಒಂದು ಲೆಕ್ಕ ಹೇಳಿದ ಮೇಲೆ ಸ್ವಲ್ಪ ಉಸಿರು ಬಂತು. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಸುಮಾರು 3 ಪಟ್ಟಾಗುತ್ತದೆ. ಎರಡನೇ ವರ್ಷವಿಡೀ ಏರುವುದು 2ರಿಂದ 3 ಕೆಜಿ ಮಾತ್ರ. ಬೆಳವಣಿಗೆಯ ವೇಗವೇ ಇಳಿದಾಗ ಹಸಿವು ಇಳಿಯದೆ ಇನ್ನೇನಾಗುತ್ತದೆ? ಅದರ ಮೇಲೆ ಎರಡು ವರ್ಷದ ಆಸುಪಾಸಿನಲ್ಲಿ ಹೊಸ ತಿಂಡಿ ಕಂಡರೆ ಹಿಂದೆ ಸರಿಯುವ ಸ್ವಭಾವ ಬೇರೆ ಶುರುವಾಗುತ್ತದೆ. ಒಂದು ಹೊಸ ಪದಾರ್ಥವನ್ನು ಒಪ್ಪಿಕೊಳ್ಳಲು ಹತ್ತು ಸಲವೋ ಅದಕ್ಕೂ ಹೆಚ್ಚೋ ಕಣ್ಣಿಗೆ, ಕೈಗೆ, ಬಾಯಿಗೆ ಬೀಳಬೇಕಾಗಬಹುದು. ಹೊಸ ಜಾಗ, ಹೊಸ ಕುರ್ಚಿ, ಹೊಸ ಮುಖಗಳ ನಡುವೆ ಹೊಸ ಊಟವನ್ನೂ ಇಟ್ಟು 'ತಿನ್ನು' ಅಂದರೆ ಯಾವ ಮಗು ಕೇಳೀತು? ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಇದಕ್ಕೊಂದು ಸರಳ ವಿಂಗಡಣೆ ಮಾಡಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೆಲಸ, ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಎಂಬುದು ಮಗುವಿನ ಕೆಲಸ. ಮನೆಯಲ್ಲಿ ಇದನ್ನು ಪಾಲಿಸುವುದು ನನಗೆ ಕಷ್ಟ, ಒಪ್ಪಿಕೊಳ್ಳುತ್ತೇನೆ. ಪ್ರಯಾಣದಲ್ಲಿ ಇದೇ ನನ್ನನ್ನು ಉಳಿಸಿದ್ದು.

ಇನ್ನು ಚೀಲದ ವಿಷಯ. ಮೊದಮೊದಲು ಅರ್ಧ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗುತ್ತಿದ್ದೆ. ಈಗ ಒಯ್ಯುವುದು ಸ್ವಲ್ಪವೇ: ಸಿಪ್ಪೆಯ ಸಮೇತ ಬಾಳೆಹಣ್ಣು, ಬ್ರೆಡ್ಡು, ಆಗ ತಾನೇ ಬೇಯಿಸಿದ ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಬಿಸಿಯೂಟಕ್ಕೆ ಒಂದು ಅಗಲ ಬಾಯಿಯ ಫ್ಲಾಸ್ಕು. ಬಾಳೆಹಣ್ಣಿನಷ್ಟು ಒಳ್ಳೆಯ ಪ್ಯಾಕಿಂಗ್ ಯಾವ ಕಂಪನಿಯೂ ಮಾಡಲಾರದು. ತೊಳೆಯಬೇಕಾಗಿಲ್ಲ, ಕತ್ತರಿಸಬೇಕಾಗಿಲ್ಲ, ಮಗುವಿನ ಕೈಗೆ ಕೊಟ್ಟರೆ ಮುಗಿಯಿತು. ಜೊತೆಗೆ ಮಗುವಿನ ಸ್ವಂತ ಬಟ್ಟಲು, ಚಮಚ, ಎರಡು ಬಿಬ್ಬು, ಒದ್ದೆ ಬಟ್ಟೆ, ಎಂಜಲು–ಕಸ ಹಾಕಲು ಖಾಲಿ ಕವರು. ಪರಿಚಯದ ಬಟ್ಟಲಿನಲ್ಲಿ ಬಡಿಸಿದರೆ ಅಪರಿಚಿತ ಊಟವೂ ಅರ್ಧ ಪರಿಚಯದ್ದಾಗುತ್ತದೆ. ಇದು ನನ್ನ ಮಗಳ ವಿಷಯದಲ್ಲಿ ಪವಾಡದ ಹಾಗೆ ಕೆಲಸ ಮಾಡಿತು. ಮಗನಿಗೆ ಬಟ್ಟಲಿನ ಬಗ್ಗೆ ಯಾವ ಮಮಕಾರವೂ ಇಲ್ಲ, ನೆಲದ ಮೇಲಿಟ್ಟರೂ ತಿನ್ನುತ್ತಾನೆ.

ಫ್ಲಾಸ್ಕಿನ ವಿಷಯದಲ್ಲಿ ನಾನು ಒಮ್ಮೆ ಕೆಟ್ಟಿದ್ದೇನೆ. ಮೆತ್ತಗೆ ಬೇಯಿಸಿದ ಅನ್ನಕ್ಕೆ ತರಕಾರಿ ಕಲಸಿ, ಸ್ವಲ್ಪ ಆರಿಸಿ, ಉಗುರುಬೆಚ್ಚಗಿರುವಾಗ ಫ್ಲಾಸ್ಕಿಗೆ ತುಂಬಿದೆ. ತಿನ್ನುವ ಹೊತ್ತಿಗೆ ಹದವಾಗಿರಲಿ ಅಂತ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಅದು ನಾಲ್ಕು ಗಂಟೆ ಇತ್ತು. ವಾಸನೆ ಬಂದಿರಲಿಲ್ಲ, ರುಚಿ ನೋಡಿದೆ, ಕೆಟ್ಟಿರಲಿಲ್ಲ. ಉಣಿಸಿದೆ. ರಾತ್ರಿಯೆಲ್ಲ ವಾಂತಿ. ತಪ್ಪು ಏನೆಂದು ಆಮೇಲೆ ತಿಳಿಯಿತು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ, ನಾನು ಊಟವನ್ನು ಸರಿಯಾಗಿ ಅದರ ಮಧ್ಯದಲ್ಲೇ ಇಟ್ಟಿದ್ದೆ. ಅನ್ನದಲ್ಲಂತೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯದೆ ಉಳಿಯುತ್ತವೆ. ಬೆಚ್ಚಗಿನ ಜಾಗ ಸಿಕ್ಕರೆ ಬೆಳೆದು ವಿಷ ಹುಟ್ಟಿಸುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಗು, ನಾಲಿಗೆ ಎರಡಕ್ಕೂ ಗೊತ್ತಾಗುವುದಿಲ್ಲ.

ಈಗ ಮಾಡುವುದು ಹೀಗೆ. ಕುದಿಯುವ ನೀರನ್ನು ಫ್ಲಾಸ್ಕಿಗೆ ಸುರಿದು ಹತ್ತು ನಿಮಿಷ ಮುಚ್ಚಿಡುತ್ತೇನೆ. ಆ ನೀರು ಚೆಲ್ಲಿ, ಒಲೆಯಿಂದ ಇಳಿಸಿದ ಊಟವನ್ನು ಹೊಗೆಯಾಡುವಾಗಲೇ ಬಾಯಿಯವರೆಗೆ ತುಂಬುತ್ತೇನೆ. ಅರ್ಧ ತುಂಬಿದ ಫ್ಲಾಸ್ಕು ಬೇಗ ಆರುತ್ತದೆ. ತೆರೆದಾಗ ಹೊಗೆಯಾಡದಿದ್ದರೆ, ಬರೀ ಬೆಚ್ಚಗಿದ್ದರೆ, ಮಗುವಿಗೆ ಕೊಡುವುದಿಲ್ಲ. ಫ್ಲಾಸ್ಕಿನ ಹೊರಗಿಟ್ಟ ಬೇಯಿಸಿದ ಪದಾರ್ಥಕ್ಕೆ 2 ಗಂಟೆ ಮಿತಿ. ಹೊರಗೆ 32 ಡಿಗ್ರಿ ದಾಟಿದ ಬಿಸಿಲಿದ್ದರೆ 1 ಗಂಟೆ. ಮೊಟ್ಟೆ, ಆಲೂಗಡ್ಡೆಯೂ ಇದರಲ್ಲೇ ಸೇರುತ್ತವೆ, ಆದ್ದರಿಂದ ಅವು ಮೊದಲ ನಿಲುಗಡೆಯಲ್ಲೇ ಖಾಲಿಯಾಗಬೇಕು. ಉಳಿದದ್ದನ್ನು ಬಿಸಾಡುವಾಗ ನನ್ನ ಕೈ ಇವತ್ತಿಗೂ ಹಿಂಜರಿಯುತ್ತದೆ. ಆ ರಾತ್ರಿಯನ್ನು ನೆನೆಸಿಕೊಂಡು ಬಿಸಾಡುತ್ತೇನೆ.

ಆ ರಾತ್ರಿಯ ನಂತರ ಚೀಲಕ್ಕೆ ಸೇರಿದ ಇನ್ನೊಂದು ವಸ್ತು ಓಆರ್‌ಎಸ್ ಪೊಟ್ಟಣ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿರುತ್ತದೋ ಅಷ್ಟೇ ಹಾಕಬೇಕು, ಕಣ್ಣಂದಾಜು ಬೇಡ. ಭೇದಿಯಾದರೆ ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಆದ ಮೇಲೂ 50ರಿಂದ 100 ಮಿಲಿ, ಅದಕ್ಕೆ ಮೇಲ್ಪಟ್ಟವರಿಗೆ 100ರಿಂದ 200 ಮಿಲಿ. ವಾಂತಿ ಇದ್ದರೆ ಹತ್ತು ನಿಮಿಷ ಬಿಟ್ಟು, ಚಮಚ ಚಮಚವಾಗಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಏನೂ ಕುಡಿಯದಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆ ಹುಡುಕುವುದೇ.

ಓಡುವ ಕಾರಿನಲ್ಲಿ ನಾವು ಏನನ್ನೂ ತಿನ್ನಲು ಕೊಡುವುದಿಲ್ಲ, ನೀರು ಬಿಟ್ಟು. ಈ ನಿಯಮಕ್ಕೆ ಕಾರಣ ಒಂದು ದ್ರಾಕ್ಷಿ. ಮಗಳು ಹಿಂದಿನ ಸೀಟಿನಲ್ಲಿ, ನಾನು ಮುಂದೆ. ಅಡಿಗಡಿಗೆ ಕೈ ಹಿಂದೆ ಚಾಚಿ ಒಂದೊಂದೇ ಕೊಡುತ್ತಿದ್ದೆ. ಒಂದು ಉಬ್ಬು ದಾಟಿದಾಗ ಗಂಟಲಿಗೆ ಸಿಕ್ಕಿತು. ಅದೃಷ್ಟಕ್ಕೆ ಜೋರಾಗಿ ಕೆಮ್ಮಿ ತಾನೇ ಉಗಿದಳು. ಹೆಂಡತಿ ಗಾಡಿ ಪಕ್ಕಕ್ಕೆ ನಿಲ್ಲಿಸಿ ಒಂದು ಮಾತೂ ಆಡಲಿಲ್ಲ, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳು ಮಾಡಿಯೇ ಕೊಡುವುದು. ಅಡ್ಡ ಕತ್ತರಿಸಿದರೆ ಪ್ರಯೋಜನವಿಲ್ಲ, ಗುಂಡು ಆಕಾರ ಹಾಗೇ ಉಳಿದು ಉಸಿರುನಾಳಕ್ಕೆ ಬಿರಡೆಯಂತೆ ಕೂರುತ್ತದೆ. ಪಾಪ್‌ಕಾರ್ನ್, ಇಡೀ ಬೀಜಗಳು, ಗಟ್ಟಿ ಕ್ಯಾಂಡಿ, ಹಸಿ ಕ್ಯಾರೆಟ್ ತುಂಡು ಚೀಲಕ್ಕೇ ಸೇರುವುದಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಊಟಕ್ಕೆ ಮುಂಚೆ ಮೇಜಿನ ಮೇಲೆ ಇಡುವ ಬಟ್ಟಲಿನಲ್ಲಿ ಇಂಥವೇ ಇರುತ್ತವೆ. ಕುಳಿತ ಕೂಡಲೇ ಅದನ್ನು ದೂರ ಸರಿಸುವುದು ನನ್ನ ಮೊದಲ ಕೆಲಸ.

ಸದ್ದು ಮಾಡಿ ಕೆಮ್ಮುವ ಮಗುವಿನ ಬಾಯಿಗೆ ಬೆರಳು ಹಾಕಬಾರದು, ಕೆಮ್ಮಲು ಬಿಡಬೇಕು. ಹೆದರಬೇಕಾದದ್ದು ಸದ್ದೇ ಇಲ್ಲದಾಗ. ಒಂದು ವರ್ಷ ದಾಟಿದ ಮಗುವಾದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಬಡಿಯುವುದು; ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ 5 ಸಲ ಒಳಕ್ಕೆ–ಮೇಲಕ್ಕೆ ಒತ್ತುವುದು; ಹೀಗೇ ಮುಂದುವರಿಸುತ್ತ ಪಕ್ಕದವರಿಂದ ಆಂಬುಲೆನ್ಸಿಗೆ ಫೋನ್ ಮಾಡಿಸುವುದು. ನಾವಿಬ್ಬರೂ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ಕಲಿತೆವು. ಓದಿ ತಿಳಿಯುವುದಕ್ಕೂ ಕೈಗೆ ಬರುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೋಟೆಲಿಗೆ ಈಗ ಜನ ಸೇರುವ ಮುಂಚೆಯೇ ಹೋಗುತ್ತೇವೆ. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರೂವರೆಗೆ. ಅಡುಗೆಯವರಿಗೂ ಪುರುಸೊತ್ತು, ಮಾಣಿಗೂ ಸಮಾಧಾನ. ಗೋಡೆ ಪಕ್ಕದ ಮೂಲೆಯ ಮೇಜು ಕೇಳುತ್ತೇನೆ. ಬಿಸಿ ಪಾತ್ರೆ ಹೊತ್ತವರು ಓಡಾಡುವ ದಾರಿಯಲ್ಲಿ ಮಗುವಿನ ಕುರ್ಚಿ ಇರಬಾರದು. ಹೈ ಚೇರ್ ಸಿಕ್ಕರೆ ಅದರ ಪಟ್ಟಿ ಗಟ್ಟಿಯಾಗಿದೆಯೇ ನೋಡುತ್ತೇನೆ. ಎಷ್ಟೋ ಕಡೆ ಪಟ್ಟಿಯೇ ಕಿತ್ತಿರುತ್ತದೆ, ಅಂಥಲ್ಲಿ ತೊಡೆಯೇ ವಾಸಿ. ಮಕ್ಕಳ ಮೆನು ಎಂದು ಬೇರೆ ಪುಟವಿದ್ದರೆ ನಾನು ಅದನ್ನು ತಿರುವುವುದು ಕಡಿಮೆ. ಕರಿದದ್ದು, ಸಿಹಿ, ಉಪ್ಪು ಇವೇ ಜಾಸ್ತಿ. ನಾವು ತಿನ್ನುವುದರಲ್ಲೇ ಸಪ್ಪೆಯಾದದ್ದನ್ನು ಆರಿಸಿ, ಮಗುವಿನ ಪಾಲಿಗೆ ಉಪ್ಪು–ಖಾರ ಹಾಕುವ ಮುಂಚೆಯೇ ಒಂದು ಸೌಟು ತೆಗೆದಿಡಲು ಕೇಳುತ್ತೇನೆ. ಒಂದರಿಂದ ಮೂರು ವರ್ಷದ ಮಗುವಿಗೆ ಇಡೀ ದಿನಕ್ಕೆ 2 ಗ್ರಾಂ ಉಪ್ಪೇ ಹೆಚ್ಚು. ದೊಡ್ಡವರ ಒಂದು ತಟ್ಟೆಯಲ್ಲೇ ಅಷ್ಟು ಇರಬಹುದು. 'ಮಗುವಿನದ್ದು ಮೊದಲು ತಂದುಬಿಡಿ, ನಮ್ಮದು ನಿಧಾನವಾದರೂ ಪರವಾಗಿಲ್ಲ' ಎಂಬ ಒಂದು ಮಾತಿಗೆ ಇಲ್ಲ ಅಂದವರನ್ನು ನಾನು ನೋಡಿಲ್ಲ. ಬಿಲ್ಲನ್ನೂ ಊಟದ ಮಧ್ಯದಲ್ಲೇ ಕೊಟ್ಟುಬಿಡುತ್ತೇನೆ. ಮಗು ರಚ್ಚೆ ಹಿಡಿದಾಗ ಬಿಲ್ಲಿಗಾಗಿ ಕಾಯುವ ಹತ್ತು ನಿಮಿಷದಷ್ಟು ಉದ್ದದ ಸಮಯ ಬೇರೆ ಇಲ್ಲ.

ಮೊಬೈಲ್ ತೋರಿಸಿ ಉಣಿಸಿದ್ದೀರಾ ಅಂತ ಕೇಳಿದರೆ, ಹೌದು, ಉಣಿಸಿದ್ದೇನೆ. ಬಾಯಿ ತಾನಾಗಿ ತೆರೆಯುತ್ತದೆ, ತಟ್ಟೆ ಖಾಲಿಯಾಗುತ್ತದೆ, ಏನು ತಿಂದೆ ಎಷ್ಟು ತಿಂದೆ ಎಂಬುದು ಮಗುವಿಗೇ ಗೊತ್ತಿರುವುದಿಲ್ಲ. ಎರಡು ಪ್ರಯಾಣಗಳಾದ ಮೇಲೆ ಮನೆಯಲ್ಲೂ ಫೋನ್ ಇಲ್ಲದೆ ಬಾಯಿ ತೆರೆಯದಾದಾಗ ಬಿಟ್ಟೆವು. ಈಗ ಕಾಯುವ ಹೊತ್ತಿಗೆ ಖಾಲಿ ಲೋಟ, ಎರಡು ಚಮಚ, ಕಾಗದದ ಕರವಸ್ತ್ರ ಸಾಕು. ಅದೂ ಸಾಲದಿದ್ದರೆ ಒಬ್ಬರು ಎತ್ತಿಕೊಂಡು ಹೊರಗೆ ಹೋಗುವುದು, ಇನ್ನೊಬ್ಬರು ಉಣ್ಣುವುದು, ಆಮೇಲೆ ಅದಲು ಬದಲು. ಎದ್ದು ಬರುವ ಮುಂಚೆ ಕುರ್ಚಿ ಕೆಳಗೆ ಚೆಲ್ಲಿದ್ದನ್ನು ಆದಷ್ಟು ಬಳಿದು ಕವರಿಗೆ ಹಾಕುತ್ತೇನೆ. ಅದನ್ನು ಗುಡಿಸುವವರೂ ಯಾರದೋ ಅಪ್ಪ ಅಮ್ಮ.

ವಿಮಾನದ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಇಳಿಯುವಾಗ ಕಿವಿ ಕಟ್ಟಿ ಮಕ್ಕಳು ಅಳುತ್ತಾರೆ, ನುಂಗುತ್ತಿದ್ದರೆ ಕಿವಿ ತೆರೆಯುತ್ತದೆ. ಆದ್ದರಿಂದ ಹಾಲು, ನೀರು ಏನಿದ್ದರೂ ನೆಲ ಮುಟ್ಟುವ ಅರ್ಧ ಗಂಟೆಗೆ ಉಳಿಸಿಕೊಳ್ಳುತ್ತೇನೆ. ಭದ್ರತಾ ತಪಾಸಣೆಯಲ್ಲಿ ದ್ರವಕ್ಕೆ 100 ಮಿಲಿ ಮಿತಿ ಇರುವ ಕಡೆಗಳಲ್ಲೂ ಮಗುವಿನ ಹಾಲು–ಊಟಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಅದನ್ನು ಬೇರೆ ತೆಗೆದು ಮೊದಲೇ ತೋರಿಸಿದರೆ ಕಿರಿಕಿರಿ ಕಡಿಮೆ. ತಿರುವಿನ ರಸ್ತೆಗೆ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ ಎಂಬುದನ್ನು ನಮ್ಮ ಕಾರಿನ ಹಿಂದಿನ ಸೀಟು ಇಂದಿಗೂ ನೆನಪಿಸುತ್ತದೆ. ಒಣ ಬ್ರೆಡ್ಡಿನ ತುಂಡು ಸಾಕು.

ಕಳೆದ ತಿಂಗಳ ಐದು ದಿನದ ಪ್ರಯಾಣದಲ್ಲಿ ಮಗಳು ಮೂರು ದಿನ ಹೆಚ್ಚುಕಡಿಮೆ ಬ್ರೆಡ್ಡು, ಬಾಳೆಹಣ್ಣು, ಹಾಲಿನಲ್ಲೇ ಕಳೆದಳು. ನೀರು ಸರಿಯಾಗಿ ಕುಡಿಯದೆ ಮಲಬದ್ಧತೆಯೂ ಆಯಿತು. ಅದು ಪ್ರಯಾಣದಲ್ಲಿ ಸಾಮಾನ್ಯ, ಆದರೂ ಗಂಟೆಗೊಮ್ಮೆ ಎರಡು ಗುಟುಕು ಕುಡಿಸುವುದನ್ನು ನಾನು ಮರೆತಿದ್ದೆ. ನಾಲ್ಕನೇ ದಿನ ನನ್ನ ತಟ್ಟೆಯಿಂದ ಒಂದು ಬಟಾಣಿ ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು. ನಾನು ಬೇಕೆಂದೇ ಕಿಟಕಿಯ ಕಡೆ ನೋಡುತ್ತ ಕುಳಿತೆ. ಇನ್ನೊಂದು ಎತ್ತಿದಳು. ಮನೆಗೆ ಬಂದ ಮೇಲೆ ಒಂದು ವಾರದಲ್ಲಿ ಹಳೆಯ ಊಟಕ್ಕೆ ಮರಳಿದಳು.

ನಾಳೆ ಬೆಳಗ್ಗೆ ಆರಕ್ಕೆ ಮತ್ತೆ ಹೊರಡುವುದಿದೆ. ಫ್ಲಾಸ್ಕು ತೊಳೆದು ಬೋರಲು ಹಾಕಿದ್ದೇನೆ, ಬಾಳೆಹಣ್ಣು ಸ್ವಲ್ಪ ಕಾಯಾಗಿರುವುದನ್ನೇ ತಂದಿದ್ದೇನೆ. ಮಗ ಈಗಲೇ ಒಂದನ್ನು ಕಚ್ಚಿ ಇಟ್ಟಿದ್ದಾನೆ, ಸಿಪ್ಪೆ ಸಮೇತ.