ಜನರೇಟೆಡ್ ಕೋಡನ್ನು ಗಿಟ್‌ನಿಂದ ಹೊರಗೆ ಹಾಕಿದ ಕಥೆ

ನಮ್ಮ ರೆಪೋದಲ್ಲಿ (ಗಿಟ್ ಕಾಯುವ ಕೋಡಿನ ಸಂಗ್ರಹ) ಸುಮಾರು 300 ಜನರೇಟೆಡ್ ಫೈಲು, ಅಂದರೆ ಕೈಯಲ್ಲಿ ಬರೆಯದೆ ಪ್ರೋಗ್ರಾಮೇ ಬರೆದುಕೊಟ್ಟ ಫೈಲು, ಇದ್ದವು. ಅರ್ಧ ಪ್ರೋಟೋಬಫ್‌ನದ್ದು (ಡೇಟಾದ ರೂಪ ಬರೆದುಕೊಟ್ಟರೆ ಕೋಡ್ ಕೊಡುವ ಗೂಗಲ್‌ನ ಟೂಲ್), ಉಳಿದದ್ದು ಕ್ಯಾನ್ ಬಸ್‌ನ (ಗಾಡಿಯೊಳಗಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ವೈರು) ಡಿಬಿಸಿ ಫೈಲಿನಿಂದ (ಆ ವೈರಿನಲ್ಲಿ ಹೋಗುವ ಸ್ಪೀಡಿನಂಥ ಸಿಗ್ನಲ್‌ಗಳ ಪಟ್ಟಿ) ನಮ್ಮದೇ ಪೈಥಾನ್ ಸ್ಕ್ರಿಪ್ಟ್ ಬರೆದದ್ದು. ಎಲ್ಲವೂ ಗಿಟ್‌ನಲ್ಲಿ ಕಮಿಟ್. ಎರಡು ಬ್ರಾಂಚಿನಲ್ಲಿ ಒಂದೊಂದು ಸಿಗ್ನಲ್ ಸೇರಿಸಿದರೆ ಸಾಕು, ಯಾರೂ ಬರೆಯದ ಕೋಡಿನಲ್ಲಿ ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಎರಡನ್ನೂ ಕೂಡಿಸುವಾಗ ತಾಳೆಯಾಗದ ಸಾಲುಗಳು. ಒಮ್ಮೆ ಅದನ್ನು ಕೈಯಲ್ಲಿ ಬಿಡಿಸುವಾಗ ಒಂದು ಸಿಗ್ನಲ್‌ನ ಸ್ಕೇಲ್ (ಕಚ್ಚಾ ಸಂಖ್ಯೆಯನ್ನು ಗುಣಿಸುವ ಅಂಕಿ) 0.1 ಇರಬೇಕಾದಲ್ಲಿ 0.01 ಉಳಿದುಹೋಯಿತು. ಟೆಸ್ಟ್ ಬೆಂಚಿನಲ್ಲಿ 60 ಇರಬೇಕಾದ ಸ್ಪೀಡ್ 6 ತೋರಿಸಿತು. ಎರಡು ದಿನ ಸುಮ್ನೆ ವೈರನ್ನು ಬೈದುಕೊಂಡು ಓಡಾಡಿದೆವು.

ಈ ಫೈಲುಗಳನ್ನು ಗಿಟ್‌ನಲ್ಲಿ ಇಡದೆ, ಬಿಲ್ಡ್ ಆಗುವಾಗಲೇ (ಕೋಡಿನಿಂದ ಪ್ರೋಗ್ರಾಮ್ ಕಟ್ಟುವಾಗಲೇ) ಜನರೇಟ್ ಮಾಡೋಣ ಅಂದೆ. ಸೀನಿಯರ್ ಒಬ್ಬರು ನಕ್ಕರು. "ಬೇಡ ಮಾರಾಯ, ಹಿಂದೆ ಮಾಡಿ ಕೈ ಸುಟ್ಟುಕೊಂಡಿದ್ದೀವಿ. ದಿನಾ ಫುಲ್ ಬಿಲ್ಡ್ ಮಾಡ್ತಾ ಕೂರ್ತೀಯ" ಅಂದರು. ಮೊದಲ ತಿಂಗಳು ಅವರು ಹೇಳಿದ್ದೇ ನಿಜವಾಯಿತು.

ಆಗ ಇನ್ನೂ ಮೇಕ್ ಅನ್ನೋ ಹಳೆಯ ಬಿಲ್ಡ್ ಟೂಲಿನಲ್ಲಿದ್ದೆವು. ಒಂದು ರೂಲಿಗೆ ಹೆಡರ್ (ಬೇರೆ ಫೈಲುಗಳು ಇನ್‌ಕ್ಲೂಡ್ ಮಾಡಿಕೊಳ್ಳುವ ಫೈಲು), ಸೋರ್ಸ್ ಎರಡು ಟಾರ್ಗೆಟ್, ಅಂದರೆ ತಯಾರಾಗಬೇಕಾದ ಫೈಲು, ಬರೆದಿದ್ದೆ. ಮೇಕ್ ಅದನ್ನು ಎರಡು ಬೇರೆ ರೂಲು ಅಂತ ಓದುತ್ತದೆ, ಗೊತ್ತಲ್ವಾ. ಪ್ಯಾರಲಲ್ ಬಿಲ್ಡಿನಲ್ಲಿ ಸ್ಕ್ರಿಪ್ಟ್ ಏಕಕಾಲಕ್ಕೆ ಎರಡು ಕಡೆ ಓಡಿ ಒಂದೇ ಫೈಲನ್ನು ಬರೆದು, ಹತ್ತು ಸಲಕ್ಕೊಮ್ಮೆ ಅರ್ಧ ಹೆಡರ್ ಸಿಗುತ್ತಿತ್ತು. ಎರಡೂ ಟಾರ್ಗೆಟ್ ಒಂದೇ ಓಟದಲ್ಲಿ ಹುಟ್ಟುತ್ತವೆ ಅಂತ ಹೇಳಲು ಮೇಕ್ 4.3ರಲ್ಲಿ ಬಂದ &: ಹಾಕಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಯಿತು, ಸಿಐನಲ್ಲಿ (ಕೋಡ್ ಬದಲಾದಾಗ ತಾನೇ ಬಿಲ್ಡ್, ಟೆಸ್ಟ್ ಮಾಡುವ ಸರ್ವರ್) ಇಲ್ಲ. ಅಲ್ಲಿದ್ದದ್ದು ಉಬುಂಟು 20.04, ಮೇಕ್ 4.2.1. ಅದು ತುಟಿ ಪಿಟಕ್ಕೆನ್ನದೆ & ಅನ್ನೋದನ್ನೂ ಒಂದು ಟಾರ್ಗೆಟ್ ಹೆಸರು ಅಂದುಕೊಂಡಿತ್ತು. ಒಂದು ಎರರ್ ಆದರೂ ಕೊಡಬಾರದಾ!

ಮುಂದಿನ ತಲೆನೋವು ಟೈಮ್‌ಸ್ಟ್ಯಾಂಪ್. ಫೈಲು ಬದಲಾದ ಸಮಯ ನೋಡಿಯೇ ಏನನ್ನು ಮತ್ತೆ ಕಟ್ಟಬೇಕು ಅಂತ ಮೇಕ್ ತೀರ್ಮಾನಿಸುವುದು. ಡಿಬಿಸಿಯಲ್ಲಿ ಒಂದು ಕಾಮೆಂಟ್ ತಿದ್ದಿದರೂ ಸಿಗ್ನಲ್ ಹೆಡರ್ ಹೊಸದಾಗಿ, ಅದನ್ನು ಇನ್‌ಕ್ಲೂಡ್ ಮಾಡಿದ 1,400 ಫೈಲು ಮತ್ತೆ ಕಂಪೈಲ್. ಹೆಚ್ಚುಕಮ್ಮಿ 18 ನಿಮಿಷ. ಒಳಗಿನ ಪಠ್ಯ ಬದಲಾಗದಿದ್ದರೆ ಫೈಲನ್ನು ಮುಟ್ಟಬೇಡ ಅಂತ ಸ್ಕ್ರಿಪ್ಟಿಗೆ ಹೇಳಿಕೊಟ್ಟೆ. ಆಗ ಹೆಡರ್ ಡಿಬಿಸಿಗಿಂತ ಹಳೆಯದಾಗೇ ಉಳಿದು, ಮೇಕ್ ಪ್ರತಿ ಸಲ ಸ್ಕ್ರಿಪ್ಟ್ ಓಡಿಸತೊಡಗಿತು. ಅದಕ್ಕೊಂದು ಸ್ಟ್ಯಾಂಪ್ ಫೈಲ್ (ಸ್ಕ್ರಿಪ್ಟ್ ಓಡಿದ ಸಮಯದ ಗುರುತಿಗಷ್ಟೇ ಇರುವ ಫೈಲು) ಇಟ್ಟೆ. ಯಾರೋ ಹೆಡರ್ ಡಿಲೀಟ್ ಮಾಡಿದರು. ಸ್ಟ್ಯಾಂಪ್ ಇತ್ತಲ್ಲ, ಹೆಡರ್ ಮತ್ತೆ ಹುಟ್ಟಲೇ ಇಲ್ಲ.

ಕೊನೆಗೆ ಸಿಮೇಕ್ (ಬಿಲ್ಡ್ ಫೈಲು ಬರೆದುಕೊಡುವ ಟೂಲ್) ಮತ್ತು ನಿಂಜಾಗೆ (ಅದನ್ನು ಓಡಿಸುವ ಟೂಲ್) ಹೋದೆ. ನಿಂಜಾದ ರೀಸ್ಟ್ಯಾಟ್ ಇದಕ್ಕೇ ಇರುವುದು. ಕಮಾಂಡ್ ಓಡಿದ ಮೇಲೂ ಔಟ್‌ಪುಟ್ಟಿನ ಸಮಯ ಬದಲಾಗದಿದ್ದರೆ, ಅದನ್ನು ನಂಬಿದ ಫೈಲುಗಳನ್ನೆಲ್ಲ ಪಟ್ಟಿಯಿಂದ ತೆಗೆದುಬಿಡುತ್ತದೆ. ಸಿಮೇಕ್ ಕಸ್ಟಮ್ ಕಮಾಂಡಿಗೆ ತಾನೇ ರೀಸ್ಟ್ಯಾಟ್ ಹಾಕಿಕೊಡುತ್ತದೆ. 18 ನಿಮಿಷ ಇದ್ದದ್ದು 40 ಸೆಕೆಂಡಿಗೆ ಬಂತು. ಆ ದಿನ ಟೀಮಿಗೆಲ್ಲ ಬಾದಾಮ್ ಹಾಲು ನಾನೇ ಕೊಡಿಸಿದೆ.

ಆದರೂ ವಾರಕ್ಕೆರಡು ಸಲ ಕಾರಣವಿಲ್ಲದೆ ಫುಲ್ ಬಿಲ್ಡ್. ನೋಡಿದರೆ ನಮ್ಮ ಸ್ಕ್ರಿಪ್ಟೇ ಕಳ್ಳ. ನೋಡ್ (ಕ್ಯಾನ್ ಬಸ್‌ಗೆ ಸೇರಿದ ಒಂದೊಂದು ಕಂಪ್ಯೂಟರು) ಹೆಸರುಗಳನ್ನು ಪೈಥಾನ್ ಸೆಟ್‌ನಲ್ಲಿ ಇಟ್ಟಿತ್ತು, ಸೆಟ್‌ನಿಂದ ಅವು ಹೊರಬರುವ ಕ್ರಮ ಓಡಿಸಿದಾಗಲೆಲ್ಲ ಬೇರೆಯಾಗಬಹುದು. ಹೆಸರುಗಳನ್ನು ಕ್ರಮಕ್ಕೆ ತರುವ ಒಂದು ಸಾರ್ಟೆಡ್ ಸೇರಿಸಿದೆ, ಮುಗಿಯಿತು. ಫೈಲಿನ ತಲೆಯ ಮೇಲೆ ಜನರೇಟ್ ಆದ ತಾರೀಖು ಬರೆಯುವ ಸಾಲನ್ನೂ ಕಿತ್ತೆಸೆದೆ. ಈಗ ಸಿಐನಲ್ಲಿ ಬೇರೆ ಬೇರೆ ಹ್ಯಾಶ್ ಸೀಡ್ (ಸೆಟ್‌ನ ಕ್ರಮವನ್ನು ಬದಲಿಸುವ ಸಂಖ್ಯೆ) ಕೊಟ್ಟು ಎರಡು ಸಲ ಜನರೇಟ್ ಮಾಡಿಸುತ್ತೇನೆ, ಡಿಫ್ ಬಂದರೆ ಬಿಲ್ಡ್ ಫೇಲ್. ಸ್ಕ್ರಿಪ್ಟನ್ನೇ ಡಿಪೆಂಡೆನ್ಸಿಗೆ (ಬದಲಾದರೆ ಮತ್ತೆ ಜನರೇಟ್ ಮಾಡಿಸುವ ಫೈಲುಗಳ ಪಟ್ಟಿಗೆ) ಸೇರಿಸಲು ಮರೆತು ಒಂದು ಮಧ್ಯಾಹ್ನ ಕಳೆದದ್ದನ್ನು ಹೇಳಿಕೊಳ್ಳಲು ನಾಚಿಕೆ.

ಮಧ್ಯೆ ಗೂಗಲ್‌ನ ಬಿಲ್ಡ್ ಟೂಲ್ ಬೇಜೆಲ್ ನೋಡೋಣ ಅಂತ ಎರಡು ವೀಕೆಂಡ್ ಕಳೆದೆ. ಪ್ರೋಟೋ ಭಾಗ ಚೆನ್ನಾಗಿ ಬಂತು. ನಮ್ಮ ಕ್ರಾಸ್ ಕಂಪೈಲರ್ (ಬೇರೆ ಬಗೆಯ ಚಿಪ್ಪಿಗೆ ಕೋಡ್ ಕಟ್ಟುವ ಕಂಪೈಲರ್) ಹತ್ತಿರ ಹೋದಾಗ ಕೈಮುಗಿದು ವಾಪಸ್ ಬಂದೆ. ದೊಡ್ಡ ಸಿಗ್ನಲ್ ಹೆಡರನ್ನು ಇಸಿಯುಗೊಂದರಂತೆ (ಗಾಡಿಯ ಒಂದೊಂದು ಕಂಟ್ರೋಲ್ ಕಂಪ್ಯೂಟರಿಗೆ ಒಂದು) ತುಂಡು ಮಾಡಿದ್ದು ಮಾತ್ರ ಜಾಸ್ತಿ ಲಾಭ ಕೊಟ್ಟಿತು. ಈಗ ಒಂದು ಸಿಗ್ನಲ್ ನಿಜವಾಗಿ ಬದಲಾದರೂ ಇನ್ನೂರು ಚಿಲ್ಲರೆ ಫೈಲು ಅಷ್ಟೇ ಕಂಪೈಲ್ ಆಗುತ್ತವೆ. ಯಾವ ಸಿಗ್ನಲ್ ಯಾವ ತುಂಡಿಗೆ ಹೋಗಬೇಕು ಅಂತ ಲೆಕ್ಕ ಹಾಕುವ ನನ್ನ ಉಪಾಯ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಮೂರು ಭಾನುವಾರ ಹೋಗಿದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸಿಐ ಬಿಲ್ಲು ತಿಂಗಳಿಗೆ 90 ಸಾವಿರದ ಆಸುಪಾಸು ಬರುತ್ತಿತ್ತು. ಈಗ 50 ದಾಟಿಲ್ಲ. ಮೇಕ್ ಬಿಟ್ಟು ಬರುವ ತಿಂಗಳು ಎರಡೂ ಬಿಲ್ಡ್ ಒಟ್ಟಿಗೆ ಓಡಿ 1.3 ಲಕ್ಷ ಆಯಿತು. ಆ ಬಿಲ್ ಹಿಡಿದು ಮ್ಯಾನೇಜರ್ ನನ್ನ ಡೆಸ್ಕಿಗೇ ಬಂದಿದ್ದರು.

ಒಂದು ಕೊರತೆ ಉಳಿದಿದೆ. ಹೊಸದಾಗಿ ರೆಪೋ ಕ್ಲೋನ್ (ತಮ್ಮ ಮಷೀನಿಗೆ ನಕಲು) ಮಾಡಿದವರಿಗೆ ಎಡಿಟರ್ ತುಂಬಾ ಕೆಂಪು ಗೆರೆ, ಹೆಡರೇ ಇಲ್ಲವಲ್ಲ. ಜನರೇಟ್ ಮಾತ್ರ ಮಾಡುವ ಒಂದು ಟಾರ್ಗೆಟ್ ಕೊಟ್ಟಿದ್ದೇನೆ, ಅರ್ಧ ನಿಮಿಷದ ಕೆಲಸ. ಆದರೂ ಹೊಸಬರು ಮೊದಲ ದಿನ ಬಂದು ಕೇಳುವುದು ಅದನ್ನೇ.

ಕಳೆದ ತಿಂಗಳು ಆ ಸೀನಿಯರ್ ಮೆಸೇಜ್ ಮಾಡಿದ್ದರು. "ನಿನ್ನ ಸಿಮೇಕ್ ಫೈಲ್ ಸ್ವಲ್ಪ ಕಳಿಸು, ನಮ್ಮ ಇನ್ನೊಂದು ರೆಪೋಗೆ ಬೇಕು." ಕಳಿಸಿದೆ. ತುಂಡು ಮಾಡುವ ಸ್ಕ್ರಿಪ್ಟ್ ಕಳಿಸಿಲ್ಲ, ಅವರು ಇನ್ನೂ ಕೇಳಿಲ್ಲ.